ಕಂಡ ಸ್ಥಿತಿ

ಮೊದಲು ಹಳೆಯದನ್ನು ಕೇಳಬೇಕು. ಅದು ನಿಯಮ.
ಬಿಚ್ಚಿ ಎಸೆಯುವ ಮುಂಚೆ ಒಂದು ಮಾತು,
ಸಾಯುವವರ ಹೇಳಿಕೆ ಬರೆದುಕೊಂಡ ಹಾಗೆ.
ವರದಿಯಲ್ಲಿ ಅದಕ್ಕೊಂದು ಅಂಕಣ: ಕಂಡ ಸ್ಥಿತಿ.

ಸ್ವಾನೇತಿಯ ಮೇಲ್ಕಣಿವೆ. ಮಾರ್ಚ್. ಮೊಣಕಾಲುದ್ದ ಹಿಮ.
ಸಬ್‌ಸ್ಟೇಷನ್ನಿನ ಬೇಲಿಯಾಚೆ ಕಲ್ಲಿನ ಗೋಪುರ,
ಎಂಟುನೂರು ವರ್ಷದ ಹಿಂದೆ, ಯಾರೋ ಬಂದಾರೆಂದು ಕಟ್ಟಿದ್ದು.
ಹೆಚ್ಚಿನ ವರ್ಷ ಯಾರೂ ಬರಲಿಲ್ಲ.
ಈಗ ಅದರೊಳಗೆ ಜುಂಬೆರನ ಹಸುವಿನ ಹುಲ್ಲು.

ಜುಂಬೆರ್ ಗುಜೇಜಿಯಾನಿ, ನಲವತ್ತು ವರ್ಷದಿಂದ ಇಲ್ಲಿಯ ಪಾಳಿಯಾಳು,
ಒಲೆಯ ಮೇಲೆ ಚಹಾ ಇಟ್ಟ. ನನ್ನ ಪೆಟ್ಟಿಗೆ ನೋಡಿದ.
'ಇದೇನು ಮಾಡುತ್ತದೆ, ಇಯಾಮ್ಜೆ?'
ಸುಳ್ಳು ಹೇಳುತ್ತದೆ, ಎಂದೆ.
ಎಲ್ಲೋ ತಂತಿ ಹರಿದಿದೆ, ಮರ ಬಿದ್ದಿದೆ,
ಬೆಟ್ಟಕ್ಕೆ ಬೆಂಕಿ ಹೊತ್ತಿದೆ ಎಂದು
ರಿಲೇಯ ಕಿವಿಯೂದುತ್ತದೆ. ನಂಬಿತೋ, ಎಷ್ಟು ಹೊತ್ತಿಗೆ ನಂಬಿತು,
ಅದನ್ನು ಬರೆದುಕೊಳ್ಳುತ್ತೇನೆ. ಅಷ್ಟೇ ನನ್ನ ಕಸುಬು.
ಅವನು ನಗಲಿಲ್ಲ.

ಗಾಜಿನ ಮುಚ್ಚಳ ತೆಗೆದೆ. ಒಳಗೆ ಅಲ್ಯೂಮಿನಿಯಂ ತಟ್ಟೆ,
ಅಂಚಿಗೆ ಧೂಳು ಕಟ್ಟಿದ್ದರೂ ತಿರುಗುವ ಚಪಲ ಹೋಗಿಲ್ಲ.
ಐದು ಆಂಪಿಯರ್: ಅಲುಗಿತು.
ಹತ್ತು: ಗಾಣದೆತ್ತಿನಂತೆ ಹೊರಟಿತು.
ಇಪ್ಪತ್ತು: ಓಡಿತು, ಓಡಿತು,
ಇನ್ನೇನು ಕೂದಲೆಳೆ ದೂರ ಎನ್ನುವಾಗ
ನಿಂತಿತು.
ಗಡಿಯಾರ ಮಾತ್ರ ಓಡುತ್ತಲೇ ಇತ್ತು.

ಟಾರ್ಚು ಹಿಡಿದೆ. ಎರಡು ಬೆಳ್ಳಿ ತುಟಿಗಳ ನಡುವೆ
ಒಂದು ಬೆಂಕಿಕಡ್ಡಿ.
ತಲೆ ಮುರಿದದ್ದು. ಕೂರಿಸಿದ ಕೈ ಅವಸರದ್ದಲ್ಲ.

ಅವನು ಕಿಟಕಿಯ ಕಡೆ ತಿರುಗಿಯೇ ಹೇಳಿದ.
ತೊಂಬತ್ತಮೂರರ ಚಳಿಗಾಲ. ಗ್ಯಾಸಿಲ್ಲ, ಸೀಮೆಎಣ್ಣೆಯಿಲ್ಲ,
ಊರಿಗೆ ಊರೇ ತಂತಿ ಸುತ್ತಿದ ಇಟ್ಟಿಗೆಯಲ್ಲಿ ಮೈ ಕಾಯಿಸುತ್ತಿತ್ತು.
ಗಂಟೆಗೊಮ್ಮೆ ಟ್ರಿಪ್. ಇದರದೇನೂ ತಪ್ಪಿಲ್ಲ, ಹೊರೆ ಅಷ್ಟಿತ್ತು.
ಆ ರಾತ್ರಿ ದವಾಖಾನೆಯಲ್ಲಿ ತಂಗಿ ನಾರ್ಗಿಜಾಳ ಹೊಟ್ಟೆ ಕೊಯ್ದಿದ್ದರು.
ಡಾಕ್ಟರು ಫೋನಿನಲ್ಲಿ ಕೂಗಿದ:
ಅರ್ಧ ಗಂಟೆ ಬೆಳಕು, ಜುಂಬೆರ್, ಅರ್ಧ ಗಂಟೆ.
'ಕೊಟ್ಟೆ. ಅವಳು ಉಳಿದಳು. ಮಗು ಉಳಿಯಲಿಲ್ಲ.
ಬೆಳಗ್ಗೆ ತೆಗೆದರಾಯಿತು ಅಂದುಕೊಂಡೆ.'

ಎಷ್ಟು ಬೆಳಗುಗಳು! ಲೆಕ್ಕ ಹಾಕಲು ಹೋದೆ, ಬಿಟ್ಟೆ.
ಅಷ್ಟೂ ಹಿಮಪಾತ, ಅಷ್ಟೂ ಸಿಡಿಲು
ಈ ಗೋಡೆಯ ಪಕ್ಕದಲ್ಲೇ ಹಾದುಹೋಗಿವೆ;
ಒಳಗೆ ಕಾವಲುಗಾರ ಕಣ್ಣು ಬಿಟ್ಟುಕೊಂಡೇ ಇದ್ದ,
ಬಾಯಿಗೆ ಕಡ್ಡಿ ಸಿಕ್ಕಿಸಿಕೊಂಡು.
ಟ್ರಾನ್ಸ್‌ಫಾರ್ಮರ್ ಸುಟ್ಟಿಲ್ಲ. ಕೆಳಗಿನ ಶಾಲೆ ಸುಟ್ಟಿಲ್ಲ.
ಅದೃಷ್ಟಕ್ಕೆ ಅಂಕಣವಿಲ್ಲ.

ಹೊಸದನ್ನು ಕೂರಿಸಿದೆ. ಕೈಯಗಲದ್ದು, ಹಸಿರು ದೀಪದ್ದು.
ನಡುವಿನ ಫೇಸಿನ ಸಿ.ಟಿ.ಯಲ್ಲಿ ಎರಡು ತಂತಿ ಅದಲುಬದಲಾಗಿದ್ದವು,
ಯಾರದೋ ಅಲ್ಲ, ನನ್ನದೇ ತಪ್ಪು. ಸರಿಮಾಡಿ ಮತ್ತೆ ಮೊದಲಿಂದ.
ಅದೇ ಸುಳ್ಳು ಹೇಳಿದೆ. ಎವೆಯಿಕ್ಕುವುದರೊಳಗೆ ನಂಬಿತು,
ಇಪ್ಪತ್ತೆಂಟು ಮಿಲಿಸೆಕೆಂಡು.
ಅಂಗಳದಲ್ಲಿ ಬ್ರೇಕರ್ ಧಡ್ಡನೆ ಬಾಗಿಲು ಬಡಿಯಿತು,
ಗೋಪುರದ ಕಾಗೆಗಳು ಒಟ್ಟಿಗೇ ಎದ್ದವು,
ಹಸು ಮಾತ್ರ ಮೆಲುಕು ಹಾಕುತ್ತಿತ್ತು.

ಕತ್ತಲಾಗುವ ಹೊತ್ತಿಗೆ ಜುಂಬೆರ್ ಹತ್ತಿರ ಬಂದ.
ಹೊಸ ಪೆಟ್ಟಿಗೆಯ ನಾಲ್ಕೂ ಅಂಚು ಬೆರಳಲ್ಲಿ ತಡವಿದ.
'ಇದರಲ್ಲಿ ಕಡ್ಡಿ ಇಡುವ ಜಾಗ ಎಲ್ಲಿ?'

ಜಾಗವಿಲ್ಲ. ಪಾಸ್‌ವರ್ಡ್ ಇದೆ, ಎಂದೆ.
'ಯಾರ ಹತ್ತಿರ?'
ಕುತಾಯಿಸಿಯ ಆಫೀಸಿನಲ್ಲಿ.
'ರಾತ್ರಿ ಫೋನು ಎತ್ತುತ್ತಾರಾ?'

ಕೆಳಗೆ ದವಾಖಾನೆಯ ಎರಡು ಕಿಟಕಿ ಹಳದಿಯಾಗಿದ್ದವು.
ಚಹಾ ಆರಿತ್ತು. ಅವನು ಇನ್ನೊಂದು ಲೋಟ ಬಗ್ಗಿಸಿದ.

ಕಂಡ ಸ್ಥಿತಿ, ಎಂದು ಬರೆದು
ಪೆನ್ನು ಊರಿಕೊಂಡೇ ಕೂತಿದ್ದೇನೆ.
ಎಡ ಅಂಗೈಯಲ್ಲಿ ಕಡ್ಡಿ.
ಎಳ್ಳಷ್ಟೂ ಹುಳ ಹಿಡಿದಿಲ್ಲ.